ಹೆಚ್ಚಿಗೆ ಕಲಿತದ್ದು ಯಾವ ಲೆಕ್ಕಕ್ಕೆ?

ಜುಲೈ ಹತ್ತಿರವಾದರೆ ಹೂಡಿ ಸರ್ಕಲ್ಲಿನ ಆಸುಪಾಸಿನ ಜೆರಾಕ್ಸ್ ಅಂಗಡಿಗಳಿಗೆ ಎರಡು ಬಗೆಯ ಮಕ್ಕಳು ಬರುತ್ತಾರೆ. ಪಿಯುಸಿ ಮುಗಿಸಿ ಸಿಇಟಿ ರ‍್ಯಾಂಕ್ ಹಿಡಿದವರ ಜೊತೆಗೆ ಅಪ್ಪನೋ ಅಮ್ಮನೋ ಇರುತ್ತಾರೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದವರು ಹೆಚ್ಚಾಗಿ ಒಬ್ಬೊಬ್ಬರೇ. ಅವರ ಕೈಯಲ್ಲಿ ಆರು ಸೆಮಿಸ್ಟರಿನ ಮಾರ್ಕ್ಸ್ ಕಾರ್ಡು. ಐಟಿಐ ಮಾಡಿ ಆಮೇಲೆ ಡಿಪ್ಲೊಮಾಕ್ಕೆ ಸೇರಿದವರಾದರೆ ಅದರ ಕಾಗದವೂ ಸೇರಿ ಕಂತೆ ಇನ್ನಷ್ಟು ದಪ್ಪ. ಈ ದಪ್ಪ ಕಂತೆಯವರ ಮೇಲೆ ನನಗೆ ಮೊದಲಿನಿಂದಲೂ ಒಂದು ಹಿಡಿ ಪ್ರೀತಿ ಜಾಸ್ತಿ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತನಾದವನಿಗೆ ಇದು ಸಹಜವೇ.

ಹೂಡಿಯೂ ಅಂಥವರ ಊರೇ. ಹೊರಗಿನವರಿಗೆ ಇದು ಐಟಿಪಿಎಲ್ ರಸ್ತೆಯ ಗಾಜಿನ ಕಟ್ಟಡಗಳ ಊರು. ಆದರೆ ಇತ್ತ ಮಹದೇವಪುರದ ಕೈಗಾರಿಕಾ ಪ್ರದೇಶ, ಅತ್ತ ಕೆ.ಆರ್.ಪುರ ದಾಟಿದರೆ ದೂರವಾಣಿನಗರ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಟೆಲಿಫೋನು ತಯಾರಿಸಲು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಹುಟ್ಟಿದ ಜಾಗ ಅದು. ಗ್ರಾಫೈಟ್ ಇಂಡಿಯಾ ಕಾರ್ಖಾನೆ ಬಾಗಿಲು ಹಾಕಿದರೂ ಅದರ ಹೆಸರಿನ ಜಂಕ್ಷನ್ನು ಬಸ್ ಕಂಡಕ್ಟರ ಬಾಯಲ್ಲಿ ಹಾಗೇ ಉಳಿದಿದೆ. ಬೆಳಗಿನ ರೈಲಿನಲ್ಲಿ ಬಂಗಾರಪೇಟೆ, ಮಾಲೂರು ಕಡೆಯಿಂದ ಬರುವ ಅಪ್ರೆಂಟಿಸ್ ಹುಡುಗರು ಹೂಡಿ ಹಾಲ್ಟಿನಲ್ಲಿ ಇಳಿಯುತ್ತಾರೆ. 2023ರ ಮಾರ್ಚಿನಲ್ಲಿ ನೇರಳೆ ಮೆಟ್ರೋ ವೈಟ್‌ಫೀಲ್ಡಿನಿಂದ ಕೆ.ಆರ್.ಪುರದವರೆಗೆ ಓಡಿತು, ಅಕ್ಟೋಬರಿನಲ್ಲಿ ಮುಂದಿನ ತುಂಡೂ ಸೇರಿಕೊಂಡಿತು. ಅಲ್ಲಿಂದೀಚೆಗೆ ಹೂಡಿಯ ಹುಡುಗ ಮೆಜೆಸ್ಟಿಕ್ಕಿಗೆ ಹೋಗಲು ಅರ್ಧ ದಿನ ತೆಗೆದಿಡಬೇಕಿಲ್ಲ. ಸುತ್ತ ಕಾಲೇಜುಗಳಿಗೂ ಬರವಿಲ್ಲ: ಚನ್ನಸಂದ್ರದ ಕಡೆ ಎಂವಿಜೆ, ಕುಂದಲಹಳ್ಳಿಯ ಕಡೆ ಸಿಎಂಆರ್, ಕೆ.ಆರ್.ಪುರದಲ್ಲಿ ಕೇಂಬ್ರಿಡ್ಜು. ಕಾರ್ಖಾನೆಯ ಗೇಟಿನಿಂದ ಕಾಲೇಜಿನ ಗೇಟಿಗೆ ನಡೆದೇ ಹೋಗಬಹುದಾದ ಊರು ಬೆಂಗಳೂರಿನಲ್ಲಿ ಎಷ್ಟಿವೆ?

ಹಾಗೆ ಹೋಗುವವರ ಬಾಗಿಲಿಗೆ ಲ್ಯಾಟರಲ್ ಎಂಟ್ರಿ ಅಂತ ಹೆಸರು. ಮೂರು ವರ್ಷದ ಡಿಪ್ಲೊಮಾ ಮಾಡಿದವನು ಕೆಇಎ ನಡೆಸುವ ಡಿಸಿಇಟಿ ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಎಐಸಿಟಿಇ ನಿಯಮದಲ್ಲಿ ಇವರಿಗೆಂದು ಮಂಜೂರಾದ ಸೀಟಿನ ಮೇಲೆ ಶೇ. 10ರಷ್ಟು ಹೆಚ್ಚುವರಿ ಜಾಗವಿದೆ, ಮೊದಲ ವರ್ಷದಲ್ಲಿ ಖಾಲಿ ಉಳಿದ ಸೀಟುಗಳೂ ಸಿಗುತ್ತವೆ. ಎರಡು ವರ್ಷದ ಐಟಿಐ ಮುಗಿಸಿದವನಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಇಂಥದೇ ಇನ್ನೊಂದು ಬಾಗಿಲು. ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಅಂಕ ಬಂತೆಂದು ಮನೆಯವರು ಫಿಟ್ಟರ್ ಟ್ರೇಡಿಗೆ ಹಾಕಿದ ಹುಡುಗ ಏಳು ವರ್ಷದಲ್ಲಿ ಎಂಜಿನಿಯರ್ ಆಗಿ ಹೊರಗೆ ಬರಬಹುದು. ಪಿಯುಸಿ ಹಾದಿಯವನಿಗೆ ಆರು ವರ್ಷ. ಡಿಪ್ಲೊಮಾ ಹಾದಿಯವನಿಗೂ ಆರೇ. ಹದಿನೈದು ವರ್ಷದ ಮಗುವಿನ ಹಣೆಬರಹ ಒಂದು ಪರೀಕ್ಷೆಯಲ್ಲಿ ತೀರ್ಮಾನವಾಗದ ಹಾಗೆ ನೋಡಿಕೊಂಡ ಈ ಏರ್ಪಾಡನ್ನು ನಾನು ನಮ್ಮ ಶಿಕ್ಷಣದಲ್ಲಿ ಆಗಿರುವ ದೊಡ್ಡ ಒಳ್ಳೆಯ ಕೆಲಸಗಳಲ್ಲಿ ಒಂದೆಂದು ನಂಬಿದ್ದೇನೆ. ಮುಂದೆ ನಾನು ಏನು ತಕರಾರು ಹೇಳಿದರೂ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತಿದ್ದೇನೆ.

ವಿಟಿಯು ಕಾಲೇಜಿನಲ್ಲಿ ಓದಿದವರಿಗೆ ನಾನ್ನೂರರ ನಂಬರು ಅಂದರೆ ಗೊತ್ತು. ಯುಎಸ್‌ಎನ್ ಸಂಖ್ಯೆಯ ಕೊನೆಯ ಮೂರು ಅಂಕಿ ಮೊದಲ ವರ್ಷ ಸೇರಿದವರಿಗೆ 001ರಿಂದ ಶುರುವಾದರೆ ಲ್ಯಾಟರಲ್ ಎಂಟ್ರಿಯವರಿಗೆ 400ರಿಂದ. ನಡುವೆ ಬರುವ ವರ್ಷದ ಅಂಕಿಯೂ ಬೇರೆ: 2018ರ ಬ್ಯಾಚಿನ ಮಕ್ಕಳ ಜೊತೆ ಕೂತವನ ಸಂಖ್ಯೆಯಲ್ಲಿ 19 ಎಂದಿರುತ್ತದೆ. ಹಾಜರಿ ಕೂಗುವಾಗ ಅವರ ಸರದಿ ಕಟ್ಟಕಡೆಗೆ. ಲ್ಯಾಬ್ ಬ್ಯಾಚು ಮಾಡಿದರೆ ನಾನ್ನೂರರವರೆಲ್ಲ ಒಂದೇ ಗುಂಪು. ಒಂದು ವರ್ಷ ಒಟ್ಟಿಗಿದ್ದು ಗೆಳೆತನ ಕಟ್ಟಿಕೊಂಡ ತರಗತಿಯೊಳಗೆ ಇವರು ತಡವಾಗಿ ಕಾಲಿಡುತ್ತಾರೆ. ಯಾರೂ ಕೆಟ್ಟವರಲ್ಲ, ಆದರೆ ಮೊದಲ ಕೆಲವು ವಾರ ಹಿಂದಿನ ಬೆಂಚು ಅವರದೇ. ಆಮೇಲೆ ಲ್ಯಾಬಿನಲ್ಲಿ ಯಾವುದೋ ಮೋಟಾರು ತಿರುಗದೆ ನಿಂತಾಗ, ಸ್ಟಾರ್ಟರಿನ ಮುಚ್ಚಳ ಬಿಚ್ಚಿ ಕಾಂಟ್ಯಾಕ್ಟ್ ನೋಡುವವನು ನಾನ್ನೂರರ ಹುಡುಗನೇ ಆಗಿರುತ್ತಾನೆ. ಆ ದಿನದಿಂದ ಬೆಂಚು ಬದಲಾಗುತ್ತದೆ.

ಗಣಿತದ ಮಾತು ಬೇರೆ. ಡಿಪ್ಲೊಮಾದಲ್ಲಿ ಗಣಿತ ಕಡಿಮೆ; ಬಿ.ಇ. ಮೊದಲ ವರ್ಷದ ಎಂ-ವನ್, ಎಂ-ಟೂ ಇವರು ನೋಡಿರುವುದೇ ಇಲ್ಲ. ಮೂರನೇ ಸೆಮಿಸ್ಟರಿಗೆ ಕಾಲಿಟ್ಟ ಕೂಡಲೇ ಫೊರಿಯರ್ ಸರಣಿ, ಲಾಪ್ಲಾಸ್ ಎದುರಿಗೆ ನಿಲ್ಲುತ್ತವೆ. ಅದಕ್ಕಾಗಿ ವಿಟಿಯು ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಇವರಿಗಾಗಿಯೇ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಎಂಬ ಎರಡು ಪತ್ರಿಕೆ ಇಟ್ಟಿತು. ಹುಡುಗರ ಬಾಯಲ್ಲಿ ಅದು ಡಿಪ್ ಮ್ಯಾಥ್ಸ್. 2018ರ ಸ್ಕೀಮಿನಲ್ಲಿ ಅದಕ್ಕೆ ಕ್ರೆಡಿಟ್ ಇಲ್ಲ, ಸಿಜಿಪಿಎಗೆ ಸೇರುವುದಿಲ್ಲ. ಆದರೆ ಪಾಸಾಗದೆ ಡಿಗ್ರಿ ಕೈಗೆ ಬರುವುದಿಲ್ಲ. ಉಳಿದವರಿಗಿರುವ ಎಲ್ಲ ವಿಷಯದ ಮೇಲೆ ಇದೊಂದು ಜಾಸ್ತಿ. ನಾನು ಇದನ್ನು ಅನ್ಯಾಯ ಅನ್ನುವುದಿಲ್ಲ. ಇಂಟಿಗ್ರೇಷನ್ ಬಾರದವನಿಗೆ ಕಂಟ್ರೋಲ್ ಸಿಸ್ಟಮ್ಸ್ ಹೇಳಿಕೊಡುವುದು ಅವನಿಗೂ ಹಿಂಸೆ, ಹೇಳುವವನಿಗೂ ಹಿಂಸೆ. ಎಐಸಿಟಿಇಯ ಆಕ್ಟಿವಿಟಿ ಪಾಯಿಂಟ್ಸ್ ವಿಷಯದಲ್ಲಂತೂ ಲೆಕ್ಕ ನ್ಯಾಯವಾಗಿಯೇ ಇದೆ: ನಾಲ್ಕು ವರ್ಷ ಓದುವವರು 100 ಗಳಿಸಬೇಕಾದರೆ ಲ್ಯಾಟರಲ್ ಎಂಟ್ರಿಯವರಿಗೆ 75 ಸಾಕು, ಬೇರೆ ವಿಶ್ವವಿದ್ಯಾಲಯದಿಂದ ಐದನೇ ಸೆಮಿಸ್ಟರಿಗೆ ಬಂದವರಿಗೆ 50.

ನನ್ನನ್ನು ಕಾಡುವುದು ಬೇರೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಕೇಳಿದ. ಟರ್ನರ್ ಟ್ರೇಡಿನಲ್ಲಿ ಐಟಿಐ, ಆಮೇಲೆ ಮೆಕ್ಯಾನಿಕಲ್ ಡಿಪ್ಲೊಮಾ, ನಡುವೆ ಮಹದೇವಪುರದ ಒಂದು ಶೆಡ್ಡಿನಲ್ಲಿ ಕೆಲಸ. “ಸಾರ್, ಲೇತ್ ಮೇಲೆ ಇಷ್ಟು ವರ್ಷ ನಿಂತಿದೀನಿ. ಬೋರಿಂಗ್ ಮಾಡಿದೀನಿ, ಥ್ರೆಡ್ ತೆಗೆದಿದೀನಿ, ಮೈಕ್ರೋಮೀಟರ್‌ನಲ್ಲಿ ಎರಡು ಹಂಡ್ರೆಡ್ ಒಳಗೆ ಸೈಜ್ ಕೊಟ್ಟಿದೀನಿ. ಈಗ ಬಿ.ಇ.ಲಿ ಮತ್ತೆ ಮೆಷಿನ್ ಶಾಪ್ ಅಂತೆ, ಫೇಸಿಂಗಿಂದ ಶುರು ಅಂತೆ. ಮಾಡ್ತೀನಿ, ಬೇಜಾರಿಲ್ಲ. ಆದರೆ ನಾನು ಮಾಡಿದ್ದೆಲ್ಲ ಯಾವ ಲೆಕ್ಕಕ್ಕೆ ಸಾರ್?”

ನನ್ನ ಹತ್ತಿರ ಸರಿಯಾದ ಉತ್ತರ ಇತ್ತು, ಆದರೆ ಅದು ಅವನಿಗೆ ಸಮಾಧಾನ ಕೊಡುವ ಉತ್ತರವಲ್ಲ. ಅವನು ಕಲಿತದ್ದನ್ನು ವಿಷಯವಾರು ತೂಗಿ ನೋಡುವ ಪದ್ಧತಿ ಲ್ಯಾಟರಲ್ ಎಂಟ್ರಿಯಲ್ಲಿ ಇಲ್ಲ. ಮೂರು ವರ್ಷದ ಡಿಪ್ಲೊಮಾವನ್ನು ಇಡಿಯಾಗಿ ಎತ್ತಿ, ಎರಡು ವರ್ಷವನ್ನು ಪಿಯುಸಿಯ ಜಾಗಕ್ಕೂ ಒಂದು ವರ್ಷವನ್ನು ಬಿ.ಇ.ಯ ಮೊದಲ ವರ್ಷದ ಜಾಗಕ್ಕೂ ಇಟ್ಟ ಹಾಗೆ ಲೆಕ್ಕ. ಒಳಗೆ ಏನಿತ್ತು ಅಂತ ಯಾರೂ ಬಿಚ್ಚಿ ನೋಡುವುದಿಲ್ಲ. ಸಿವಿಲ್ ಡಿಪ್ಲೊಮಾದ ಹುಡುಗಿ ಥಿಯೋಡೋಲೈಟ್ ಹಿಡಿದು ಬಿಸಿಲಲ್ಲಿ ಸರ್ವೆ ಮಾಡಿ ಬಂದಿರುತ್ತಾಳೆ, ಬಿ.ಇ.ಯಲ್ಲಿ ಸರ್ವೇಯಿಂಗು ಮತ್ತೆ ಚೈನಿನಿಂದ ಶುರು. ಗಣಿತದಲ್ಲಿ ಇವರಿಗೆ ಎಷ್ಟು ಕಡಿಮೆ ಅನ್ನುವುದಕ್ಕೆ ವಿಶ್ವವಿದ್ಯಾಲಯದ ಹತ್ತಿರ ಕರಾರುವಾಕ್ಕಾದ ಲೆಕ್ಕವಿದೆ, ಅದಕ್ಕೆ ಪತ್ರಿಕೆಯ ಕೋಡ್ ನಂಬರೂ ಇದೆ. ವರ್ಕ್‌ಶಾಪಿನಲ್ಲಿ ಇವರಿಗೆ ಎಷ್ಟು ಜಾಸ್ತಿ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ಕೊರತೆ ಬರೆದಿಡುವ ಪುಸ್ತಕದಲ್ಲಿ ಹೆಚ್ಚಿಗೆಯನ್ನೂ ಬರೆಯಬೇಕು.

ಈ ವಿಷಯ ಬಂದಾಗ ನನ್ನ ತಲೆ ಕೆ.ಆರ್.ಸರ್ಕಲ್ಲಿಗೆ ಹೋಗುತ್ತದೆ. ಅಲ್ಲಿ ಯುವಿಸಿಇ ಇದೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕು, ನಮ್ಮೆಲ್ಲರ ಎಸ್‌ಜೆಪಿ. ಅದೂ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದಲೇ ಬಂದದ್ದು. ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದ್ದಕ್ಕೆ ಅವರಿಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಾವು ಇಟ್ಟುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಹಾಕಿ ಅಂದರು. ಅದಕ್ಕೆ ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿರಲಿ ಅಂದರು. ಎಂಜಿನಿಯರೂ ಬೇಕು, ಮೇಸ್ತ್ರಿಯೂ ಬೇಕು ಅಂತ ಒಬ್ಬನೇ ಮನುಷ್ಯ ಎರಡೂ ಕಟ್ಟಿಸಿದ. ಆ ಎಸ್‌ಜೆಪಿಯಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಕೂಡ ಇತ್ತು. ಮೈಸೂರಿನ ವಿ.ಕೆ.ಮೂರ್ತಿ ಅಲ್ಲಿಂದ 1946ರಲ್ಲಿ ಹೊರಬಿದ್ದು ಬೊಂಬಾಯಿಗೆ ಹೋಗಿ ಗುರುದತ್ತರ ‘ಪ್ಯಾಸಾ’, ‘ಕಾಗಜ್ ಕೇ ಫೂಲ್’ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು, 1959ರ ‘ಕಾಗಜ್ ಕೇ ಫೂಲ್’. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಡಿಪ್ಲೊಮಾ ಅಂದರೆ ಅರ್ಧ ಓದು ಅನ್ನುವವರು ಸಿಕ್ಕಾಗೆಲ್ಲ ನಾನು ಈ ಕತೆ ಹೇಳುತ್ತೇನೆ.

ಹಿಂದಿನ ತಲೆಮಾರಿನವರು ಬೇರೆ ದಾರಿ ಹಿಡಿಯುತ್ತಿದ್ದರು. ಯುವಿಸಿಇಯಲ್ಲಿ ಸಂಜೆಯ ಬಿ.ಇ. ಇತ್ತು, ಕಾರ್ಖಾನೆಗಳಲ್ಲಿ ಹಗಲು ಪಾಳಿ ಮುಗಿಸಿದ ಡಿಪ್ಲೊಮಾದವರು ಬಸ್ಸು ಹಿಡಿದು ಪಾಠಕ್ಕೆ ಹೋಗುತ್ತಿದ್ದರು. ಅದೂ ಆಗದವರಿಗೆ ಎಎಂಐಇ. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಪರೀಕ್ಷೆ, ಸೆಕ್ಷನ್ ಎ, ಸೆಕ್ಷನ್ ಬಿ, ತರಗತಿ ಇಲ್ಲ, ಓದು ನಿನ್ನದು. ದೂರವಾಣಿನಗರದ ಕ್ವಾರ್ಟರ್ಸಿನಲ್ಲಿ ಹೆಂಡತಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆಯ ದೀಪದಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿ ಪಾಸು ಮಾಡಿದ ಗಂಡಸರನ್ನು ನಾನು ಬಲ್ಲೆ. ಅವರ ಕೈಕೆಳಗೆ ಕೆಲಸ ಮಾಡಿದ ಎಂಜಿನಿಯರುಗಳು ಅವರನ್ನು ಇವತ್ತಿಗೂ ಗೌರವದಿಂದ ನೆನೆಯುತ್ತಾರೆ.

ಬೇರೆ ದೇಶದಲ್ಲಿ ಇದನ್ನು ಹೇಗೆ ಮಾಡುತ್ತಾರೆ ಅನ್ನುವುದು ನನಗೆ ತಿಳಿದದ್ದು ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಅಜ್ಜಿಯಿಂದ. ಅವರ ಮಗಳ ಸಂಸಾರ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಮೊಮ್ಮಗಳು ನೇರವಾಗಿ ಯೂನಿವರ್ಸಿಟಿಗೆ ಹೋಗದೆ ಕುಪರ್ಟಿನೊದ ಡಿ ಆಂಜಾ ಎಂಬ ಕಮ್ಯೂನಿಟಿ ಕಾಲೇಜಿಗೆ ಸೇರಿದಾಗ ಅಜ್ಜಿಗೆ ಆತಂಕ. “ಮೇಷ್ಟ್ರೇ, ಇದೇನು ನಮ್ಮ ಟ್ಯುಟೋರಿಯಲ್ ತರಹದ್ದಾ?” ಅಂದರು. ಅಲ್ಲಮ್ಮ, ಅದು ಅವರ ಪಾಲಿಟೆಕ್ನಿಕ್ಕೂ ಹೌದು, ಡಿಗ್ರಿ ಕಾಲೇಜಿನ ಮೊದಲ ಎರಡು ವರ್ಷವೂ ಹೌದು ಅಂದೆ. ಅಮೆರಿಕದಲ್ಲಿ ಈ ಬಗೆಯ ಸಾರ್ವಜನಿಕ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾ 1960ರಲ್ಲಿ ಒಂದು ಮಹಾಯೋಜನೆ ಮಾಡಿ, ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿದವರು ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗುವ ದಾರಿಯನ್ನು ಸರ್ಕಾರದ ನೀತಿಯಾಗಿಯೇ ಬರೆದಿಟ್ಟಿತು. ಶುಲ್ಕ ಕಡಿಮೆ, ಮನೆಯಿಂದಲೇ ಓಡಾಟ.

ಈ ಹುಡುಗಿ ಚುರುಕು. ಬೇಕಾದ್ದಕ್ಕಿಂತ ಜಾಸ್ತಿ ವಿಷಯ ತೆಗೆದುಕೊಂಡಳು: ಗಣಿತ ಮುಗಿಸಿ, ಕಂಪ್ಯೂಟರಿನದು ಮುಗಿಸಿ, ಆಸೆಯಿಂದ ಖಗೋಳವೂ ಚಿತ್ರಕಲೆಯೂ. ಅಲ್ಲಿಯೂ ಮಿತಿ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕಮ್ಯೂನಿಟಿ ಕಾಲೇಜಿನಿಂದ ಹೆಚ್ಚೆಂದರೆ 70 ಸೆಮಿಸ್ಟರ್ ಯೂನಿಟ್‌ಗಳನ್ನು, ಡಿ ಆಂಜಾದ ಕ್ವಾರ್ಟರ್ ಲೆಕ್ಕದಲ್ಲಿ 105 ಯೂನಿಟ್‌ಗಳನ್ನು, ಡಿಗ್ರಿಗೆ ಸೇರಿಸಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಕಲಿತದ್ದು ಒಟ್ಟು ಮೊತ್ತಕ್ಕೆ ಸೇರುವುದಿಲ್ಲ. ಆದರೆ ಇಲ್ಲೊಂದು ಗಮನಿಸಬೇಕಾದ ಮಾತಿದೆ. ಮೊತ್ತಕ್ಕೆ ಸೇರದಿದ್ದರೂ ಆ ವಿಷಯ ಪಾಸಾಗಿದೆ ಎಂದು ಒಪ್ಪುತ್ತಾರೆ. ಅದೇ ವಿಷಯವನ್ನು ಮತ್ತೆ ಓದು ಅನ್ನುವುದಿಲ್ಲ. ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮ ಎಂಬ ಪಟ್ಟಿಯನ್ನು ಅಸಿಸ್ಟ್ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹೂಡಿಯಲ್ಲಿ ಕೂತ ಅಜ್ಜಿಯ ಫೋನಿನಲ್ಲೇ ಅದನ್ನು ತೆಗೆದು ನೋಡಿದೆವು. ಡಿ ಆಂಜಾದ ಒಂದು ಕ್ಯಾಲ್ಕುಲಸ್ ಪಾಠ ಒಂದು ಕಡೆ, ಅದಕ್ಕೆ ಸಮನಾದ ಬರ್ಕ್ಲಿಯ ಪಾಠ ಎದುರುಗಡೆ. ಸೇರುವ ಮೊದಲೇ ಮಗುವಿಗೆ ತನ್ನ ಲೆಕ್ಕ ಗೊತ್ತು. ಅಜ್ಜಿ ನಿಟ್ಟುಸಿರು ಬಿಟ್ಟರು. ನನಗೆ ಲೇತಿನ ಹುಡುಗ ನೆನಪಾದ.

ನಮ್ಮಲ್ಲಿ ಈಚೆಗೆ ಒಂದಷ್ಟು ನಡೆದಿದೆ, ಅದನ್ನೂ ಹೇಳಬೇಕು. 2021ರ ಜುಲೈನಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ತಂದಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಅವನ ಖಾತೆಗೆ ಜಮೆ, ಸಾಮಾನ್ಯವಾಗಿ ಏಳು ವರ್ಷದವರೆಗೆ ಅದು ಚಾಲ್ತಿ, ಬೇರೆ ಸಂಸ್ಥೆಗೆ ಹೋದಾಗ ತೆಗೆದು ಬಳಸಬಹುದು. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇನ್ನೂ ಮುಂದೆ ಹೋಯಿತು: 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್, ಶಾಲೆ, ಕಸುಬು, ಕಾಲೇಜು ಮೂರಕ್ಕೂ ಒಂದೇ ಅಳತೆ. ಕೆಲಸದ ಅನುಭವಕ್ಕೂ ತೂಕ ಕೊಡಬಹುದೆಂದು ಅದರಲ್ಲಿ ಬರೆದಿದೆ. ನಮ್ಮ ಹುಡುಗನ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಸಿಕ್ಕಿದೆ ಅಂತಲೇ ಹೇಳಬೇಕು. ಆದರೆ ಖಾತೆ ತೆರೆದ ಮಾತ್ರಕ್ಕೆ ಎದುರಿನ ಕಾಲೇಜು ಅದರಲ್ಲಿರುವುದನ್ನು ತೆಗೆದುಕೊಳ್ಳಲೇಬೇಕೆಂದಿಲ್ಲ. ಯಾವುದನ್ನು ಒಪ್ಪುವುದು, ಎಷ್ಟು ಒಪ್ಪುವುದು ಎಂಬ ತೀರ್ಮಾನ ಸೇರಿಸಿಕೊಳ್ಳುವ ಸಂಸ್ಥೆಯದೇ.

ಕರ್ನಾಟಕದ ಮಕ್ಕಳಿಗೆ ನೀತಿಯ ಏರಿಳಿತವೂ ತಟ್ಟಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯ ನಮ್ಮದು, 2021-22ರಲ್ಲಿ. ಮೂರು ಬ್ಯಾಚಿನ ಮಕ್ಕಳು ಓಪನ್ ಎಲೆಕ್ಟಿವ್, ಸ್ಕಿಲ್ ಪೇಪರು, ನಾಲ್ಕನೇ ವರ್ಷದ ಆನರ್ಸ್ ಎಂಬ ಲೆಕ್ಕದಲ್ಲಿ ಸೇರಿದರು. 2024ರ ಮೇ ತಿಂಗಳಲ್ಲಿ ಸರ್ಕಾರ ಹೊಸಬರಿಗೆ ಮೂರು ವರ್ಷದ ಪದವಿಯನ್ನೇ ಮತ್ತೆ ತಂದಿತು. ಯಾವುದು ಸರಿ ಅನ್ನುವ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ, ಅದಕ್ಕೆ ಬೇರೆ ಸಂಜೆ ಬೇಕು. ನನ್ನ ಪರಿಚಯದ ಒಂದು ಹುಡುಗಿಯ ಮಾತಷ್ಟು ಹೇಳುತ್ತೇನೆ. ತಂದೆಗೆ ಹೂಡಿಯ ಹತ್ತಿರ ಕೆಲಸ ಸಿಕ್ಕಿ, ಅವಳು ಊರಿನ ಕಾಲೇಜು ಬಿಟ್ಟು ಇಲ್ಲಿಗೆ ಬರಬೇಕಾಯಿತು, ಬೇರೆ ವಿಶ್ವವಿದ್ಯಾಲಯ. ಅಲ್ಲಿ ಪಾಸಾಗಿದ್ದ ಎರಡು ಐಚ್ಛಿಕ ವಿಷಯ ಇಲ್ಲಿಯ ಕಾಂಬಿನೇಷನ್ನಿನಲ್ಲಿ ಇರಲಿಲ್ಲ, ಅವು ಹಾಗೇ ಬಿದ್ದುಹೋದವು. ಇಲ್ಲಿದ್ದು ಅಲ್ಲಿಲ್ಲದ ಪತ್ರಿಕೆಗಳನ್ನು ಹಿಂದಿನ ಸೆಮಿಸ್ಟರಿನವರ ಜೊತೆ ಕೂತು ಬರೆದಳು. ಬರೆದು ಪಾಸಾದಳು, ಚೆನ್ನಾಗಿಯೇ. ಆದರೆ ಟಿಸಿ, ಮೈಗ್ರೇಷನ್ ಸರ್ಟಿಫಿಕೇಟು, ಎನ್‌ಒಸಿ ಅಂತ ಓಡಾಡುವಾಗ ಅವಳಿಂದ ಯಾರೂ ಕೇಳಿರದ ಒಂದು ಕಾಗದ ಕೊನೆಗೆ ಬೇಕಾಯಿತು: ತಾನು ಓದಿದ ವಿಷಯಗಳ ಸಿಲಬಸ್, ಹಳೆಯ ಕಾಲೇಜಿನ ಸೀಲು ಹಾಕಿದ್ದು. ಕಾಲೇಜು ಬದಲಿಸುವ ಯೋಚನೆ ಇರುವ ಯಾರೇ ಬಂದರೂ ನಾನು ಮೊದಲು ಕೇಳುವುದು ಅದನ್ನೇ. ಮಾರ್ಕ್ಸ್ ಕಾರ್ಡು ಎಷ್ಟು ಬಂತು ಅಂತ ಹೇಳುತ್ತದೆ, ಏನು ಓದಿದೆ ಅಂತ ಸಿಲಬಸ್ಸೇ ಹೇಳಬೇಕು. ಊರು ಬಿಡುವ ಮೊದಲೇ ಅದನ್ನು ತೆಗೆದಿಟ್ಟುಕೊಳ್ಳಿ, ಪ್ರಿನ್ಸಿಪಾಲರ ಸಹಿ ಹಾಕಿಸಿ.

ಹೆಚ್ಚಿಗೆ ಓದಿದ್ದನ್ನು ಲೆಕ್ಕ ಹಿಡಿಯುವುದು ನಮ್ಮವರಿಗೆ ಬರುವುದಿಲ್ಲ ಅನ್ನುವಂತೆಯೂ ಇಲ್ಲ. ಬಿ.ಇ. ಓದುತ್ತಲೇ ಎನ್‌ಪಿಟಿಇಎಲ್‌ನಂಥ ಆನ್‌ಲೈನ್ ಕೋರ್ಸುಗಳಿಂದ 18 ಕ್ರೆಡಿಟ್ ಜಾಸ್ತಿ ಗಳಿಸಿದರೆ ವಿಟಿಯು ಡಿಗ್ರಿಯ ಮೇಲೆ ಆನರ್ಸ್ ಎಂದು ಬರೆದುಕೊಡುತ್ತದೆ. ಹನ್ನೆರಡು ವಾರದ ಕೋರ್ಸಿಗೆ 3 ಕ್ರೆಡಿಟ್, ಎಂಟು ವಾರದ್ದಕ್ಕೆ 2, ನಾಲ್ಕು ವಾರದ್ದಕ್ಕೆ 1. ಒಳ್ಳೆಯ ನಿಯಮ. ಹುಡುಗಿಯರು ಪಿಜಿ ರೂಮಿನಲ್ಲಿ ರಾತ್ರಿ ಕೂತು ಅದನ್ನು ಮುಗಿಸುವುದನ್ನು ಕಂಡಿದ್ದೇನೆ, ಆ ಶ್ರಮಕ್ಕೆ ಆ ಹೆಸರು ಸಲ್ಲಬೇಕು. ಪರದೆಯ ಮುಂದೆ ಹನ್ನೆರಡು ವಾರ ಕೂತದ್ದನ್ನು ಅಳೆಯಲು ಬರುತ್ತದೆ ಅಂದ ಮೇಲೆ ಮೆಷಿನಿನ ಮುಂದೆ ಆರು ಸೆಮಿಸ್ಟರ್ ನಿಂತದ್ದನ್ನೂ ಅಳೆಯಬಹುದು. ಡಿಪ್ಲೊಮಾಕ್ಕೂ ಈಗ ಕ್ರೆಡಿಟ್ಟಿನ ಲೆಕ್ಕವೇ ಇದೆ, ಬಿ.ಇ.ಗೂ ಅದೇ. ಎರಡರ ಸಿಲಬಸ್ಸೂ ಎಲ್ಲರ ಕೈಗೆ ಸಿಗುತ್ತವೆ.

ಮೊನ್ನೆ ಹಳೆಯ ಸಹೋದ್ಯೋಗಿಗಳ ಜೊತೆ ಕೂತಾಗ ಇದೇ ಮಾತು ತೆಗೆದೆ. ಒಬ್ಬರು, “ಎಲ್ಲಾ ಬ್ರಾಂಚಿಗೂ ಪಟ್ಟಿ ಮಾಡೋದು ಅಂದ್ರೆ ಸುಮ್ನೆನಾ?” ಅಂದರು. ಎಲ್ಲಾ ಬ್ರಾಂಚು ಬೇಡ, ಎಲ್ಲಾ ವಿಷಯವೂ ಬೇಡ ಅಂದೆ. ಸಿವಿಲ್‌ನಲ್ಲಿ ಸರ್ವೇಯಿಂಗ್ ಪ್ರಾಕ್ಟಿಕಲ್ಲು, ಮೆಕ್ಯಾನಿಕಲ್‌ನಲ್ಲಿ ಮೆಷಿನ್ ಶಾಪು, ಎಲೆಕ್ಟ್ರಿಕಲ್‌ನಲ್ಲಿ ಮೆಷಿನ್ಸ್ ಲ್ಯಾಬು. ಪಾಲಿಟೆಕ್ನಿಕ್ಕಿನಿಂದ ಒಬ್ಬರು, ಎಂಜಿನಿಯರಿಂಗ್ ಕಾಲೇಜಿನಿಂದ ಒಬ್ಬರು ಎರಡು ಸಿಲಬಸ್ ಎದುರಿಗಿಟ್ಟುಕೊಂಡು ಒಂದು ಬೇಸಿಗೆ ರಜೆ ಕೂತರೆ ಸಾಕು. ನಾನ್ನೂರರ ಹುಡುಗ ಆ ಲ್ಯಾಬಿನ ಪರೀಕ್ಷೆಯನ್ನು ಸೇರಿದ ಮೊದಲ ತಿಂಗಳಲ್ಲೇ ಬರೆಯಲಿ. ಪಾಸಾದರೆ ಆ ಕ್ರೆಡಿಟ್ ಅವನದು, ವಾರದಲ್ಲಿ ಆ ಮೂರು ಗಂಟೆ ಡಿಪ್ ಮ್ಯಾಥ್ಸಿಗೆ ಕೊಡಲಿ. ಎದುರಿಗೆ ಕೂತಿದ್ದ ಗೆಳೆಯರು ಸ್ವಲ್ಪ ಹೊತ್ತು ಯೋಚಿಸಿ, “ಸರ್ವೇಯಿಂಗ್ ನಾನು ಮಾಡಿಕೊಡ್ತೀನಿ, ಹಳೇ ಸಿಲಬಸ್ ಮನೆಯಲ್ಲಿದೆ,” ಅಂದರು. ಮೆಷಿನ್ ಶಾಪಿನದು ನನ್ನ ಪಾಲು.